ಲ್ಯಾಟಿನ್ನಿನ ಮೂಲವೂ ನಮ್ಮ ಮನೆಯ ದೋಸೆಯೂ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಸಿಡ್ನಿಯ ಎಪ್ಪಿಂಗ್‌ನಲ್ಲಿ ಒಂದು ಕೆಂಪು ಇಟ್ಟಿಗೆಯ ಯೂನಿಟ್ ಬಾಡಿಗೆಗೆ ಹಿಡಿದಿದ್ದೆವು. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಯಹೂದಿ ಅಜ್ಜಿ ಇದ್ದರು. ಅವರು ನಮ್ಮ ಮನೆಯಲ್ಲಿ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ, ನಾನು ಅವರ ಮನೆಯಲ್ಲಿ ಹಾಕುತ್ತಿರಲಿಲ್ಲ. ಅವರಿಗೆ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ನನಗೆ ಮಡಿ, ಮುಸುರೆ. ಹೀಗಾಗಿ ಇಬ್ಬರಿಗೂ ಬಹಳ ಚೆನ್ನಾಗಿ ಹೊಂದಿಕೆಯಾಯಿತು. ಹೆಚ್ಚದ ಇಡೀ ನಿಂಬೆಹಣ್ಣು ಮಾತ್ರ ನಮ್ಮ ಮೆಟ್ಟಿಲಲ್ಲಿ ಹತ್ತಿ ಇಳಿಯುತ್ತಿತ್ತು. ಯಾರ ಆಚಾರಕ್ಕೂ ಭಂಗ ತರದ ಹಣ್ಣೊಂದನ್ನು ಸೃಷ್ಟಿಸಿದ ದೇವರಿಗೆ ನಾನು ಈಗಲೂ ಕೈಮುಗಿಯುತ್ತೇನೆ.

ಅಜ್ಜಿ ಹುಟ್ಟಿದ್ದು ತುರ್ಕಿಯ ಒಂದು ಬಂದರಿನ ಊರಲ್ಲಿ. ಬೀದಿಯಲ್ಲಿ ತುರ್ಕಿ, ಸ್ಕೂಲಿನಲ್ಲಿ ಫ್ರೆಂಚ್. ಮನೆಮಾತು ಮಾತ್ರ ಹಳೆಯ ಕಾಲದ ಸ್ಪ್ಯಾನಿಷ್. ಐನೂರು ವರ್ಷದ ಹಿಂದೆ ಸ್ಪೇನಿನ ರಾಜ-ರಾಣಿ ಅವರ ಹಿಂದಿನವರನ್ನು ಓಡಿಸಿದಾಗ, ಓಡಿಸಿದವರ ಮಾತನ್ನೇ ಬಾಯಲ್ಲಿ ಇಟ್ಟುಕೊಂಡು ಬಂದರಂತೆ. ಆದರೆ ಭಾನುವಾರಕ್ಕೆ ಸ್ಪೇನಿನವರ ಪದ ಬೇಡವೆಂದರಂತೆ. ಆ ಪದಕ್ಕೆ ಪ್ರಭುವಿನ ದಿನ ಎಂದರ್ಥ, ಅದರೊಳಗೆ ಅವರ ದೇವರು ಕೂತಿದ್ದಾನೆ ಎಂದು ಅರಬರ ಪದವನ್ನು ಇಟ್ಟುಕೊಂಡರಂತೆ. ಅಜ್ಜಿ ತಮ್ಮ ಮುರುಕು ಇಂಗ್ಲಿಷಿನಲ್ಲಿ, ನನ್ನ ಇನ್ನೂ ಮುರುಕು ಇಂಗ್ಲಿಷಿಗೆ ಇದನ್ನು ಹೇಳಿದಾಗ ನನಗೆ ತಕ್ಷಣ ಅರ್ಥವಾಯಿತು. ಪಾತ್ರೆ ಸಂತೆಯದೇ ಆದರೂ, ಹುಣಸೆಹಣ್ಣು ಹಚ್ಚಿ ಉಜ್ಜಿ ಒಳಗೆ ತಂದ ಮೇಲೆ ನಮ್ಮದು.

ಆ ವರ್ಷ ನನಗೊಂದು ಚಿಂತೆ ಹತ್ತಿತ್ತು. ದೀಪಾವಳಿ ಕಳೆದ ಮೇಲೆ ನನ್ನಮ್ಮ ಮೈಸೂರಿನಿಂದ ಬರುವವರಿದ್ದರು. ಅವರಿಗೆ ಕನ್ನಡ ಬಿಟ್ಟರೆ ಇನ್ನೊಂದು ಗೊತ್ತಿಲ್ಲ. ನನ್ನ ಮಗಳಿಗೆ ಎಂಟು ವರ್ಷ. ನಾನು ಕನ್ನಡದಲ್ಲಿ ಕೂಗಿದರೆ ಅವಳು ಇಂಗ್ಲಿಷಿನಲ್ಲಿ ಓಗೊಡುತ್ತಿದ್ದಳು. ಫೋನಿನಲ್ಲಿ 'ಹಾಯ್ ಅಜ್ಜಿ' ಎಂದು ರಿಸೀವರನ್ನು ನನ್ನ ಕೈಗೆ ತುರುಕಿ ಓಡುತ್ತಿದ್ದಳು. ಅಮ್ಮ ಕಾಗದದಲ್ಲಿ ಬರೆದಿದ್ದರು: 'ಅಷ್ಟು ದೂರ ಬರೋದು ಮಗುವಿನ ಮಾತು ಕೇಳೋಕೆ ಕಣೇ. ನನ್ನ ಹತ್ರ ಮಾತಾಡ್ತಾಳೆ ತಾನೇ?' ನಾನು ಉತ್ತರದಲ್ಲಿ ಇಲ್ಲಿಯ ಹವಾಮಾನದ ವಿಚಾರ ಬರೆದೆ.

ನಮ್ಮ ಯಜಮಾನರು ಆಗ ಕನ್ನಡ ಸಂಘದ ಕಾರ್ಯದರ್ಶಿ. ಕನ್ನಡಕ್ಕೆ ಎರಡು ಸಾವಿರ ವರ್ಷದ ಇತಿಹಾಸ ಎಂದು ಮೈಕಿನ ಮುಂದೆ ಗಂಟಲು ಹರಿದುಕೊಳ್ಳುವರು. ಕೆಳಗಿಳಿದು ಬಂದು ಮಗಳಿಗೆ, "ಶೂಸ್ ಹಾಕ್ಕೋ, ಕ್ವಿಕ್, ವಿ ಆರ್ ಲೇಟ್" ಅನ್ನುವರು. ಎರಡು ಸಾವಿರ ವರ್ಷ ಬಾಳಿದ ಭಾಷೆ ಹಾಲ್‌ನಿಂದ ಕಾರ್ ಪಾರ್ಕಿನವರೆಗೆ ಬಾಳುತ್ತಿರಲಿಲ್ಲ. ಮಕ್ಕಳ ಕನ್ನಡಕ್ಕೆ ಏನಾದರೂ ಮಾಡಿ ಎಂದು ನಾನು ಹಿಂದೆ ಬಿದ್ದದ್ದಕ್ಕೆ ಅವರು ಮೆಲ್ಬರ್ನ್‌ನಿಂದ ಒಬ್ಬ ಭಾಷಾ ವಿದ್ವಾಂಸರನ್ನು ಕರೆಸಿದರು. ಭಾಷಣದ ವಿಷಯ, ಲ್ಯಾಟಿನ್ನಿನಿಂದ ಹುಟ್ಟಿದ ಯಹೂದಿ ಭಾಷೆಗಳ ಮೂಲ.

"ರೀ, ನಮ್ಮ ಮಕ್ಕಳಿಗೂ ಲ್ಯಾಟಿನ್ನಿಗೂ ಏನ್ರೀ ಸಂಬಂಧ?"

"ಅದು ಕಂಪ್ಯಾರಿಟಿವ್ ಕಣೇ. ನಿನಗೆ ಗೊತ್ತಾಗಲ್ಲ. ನಿನ್ನ ಆ ಕೆಳಗಿನ ಮನೆ ಆಂಟೀನೂ ಕರ್ಕೊಂಡು ಬಾ. ಸನ್ಮಾನ ಮಾಡೋಣ."

ನಮ್ಮವರು ಒಬ್ಬರಿಗೆ ಸನ್ಮಾನ ಮಾಡುತ್ತಾರೆಂದರೆ, ಅವರು ಇನ್ನು ಬಾಯಿ ತೆರೆಯಬೇಕಾಗಿಲ್ಲ ಎಂದರ್ಥ. ಭಾನುವಾರ, ಬಾಡಿಗೆ ಹಾಲ್‌ನಲ್ಲಿ ಅಜ್ಜಿಗೆ ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ತಲೆಗೆ ಮೈಸೂರು ಪೇಟವನ್ನೂ ಇಟ್ಟರು. ಪೇಟ ದೊಡ್ಡದು, ತಲೆ ಚಿಕ್ಕದು. ಅದು ಹುಬ್ಬಿನವರೆಗೆ ಇಳಿಯಿತು. ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿ ಒಂದು ಗಂಟೆ ಕೂತರು. ವಿದ್ವಾಂಸರು ಅವರ ಭಾಷೆಯ ಜಾತಕ ಬಿಡಿಸಿದರು.

ಪಂಡಿತರಲ್ಲಿ ಎರಡು ಗುಂಪಂತೆ. ರೋಮಿನಲ್ಲಿದ್ದ ಯಹೂದಿಗಳು ತಮ್ಮದೇ ಒಂದು ಲ್ಯಾಟಿನ್ ಆಡುತ್ತಿದ್ದರು, ಅದನ್ನೇ ಹೊತ್ತು ಸ್ಪೇನ್, ಫ್ರಾನ್ಸ್ ಎಂದು ಚದುರಿದರು, ಆದ್ದರಿಂದ ಆ ಮಾತುಗಳೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಒಂದು ಗುಂಪು. ಅಂಥ ತಾಯಿ ಇರಲೇ ಇಲ್ಲ, ಹೋದ ಹೋದಲ್ಲಿ ಅಕ್ಕಪಕ್ಕದವರ ಮಾತು ಕಲಿತು ತಮ್ಮ ಶಾಸ್ತ್ರಕ್ಕೆ ಹೊಂದಿಸಿಕೊಂಡರು ಎಂದು ಇನ್ನೊಂದು ಗುಂಪು. ಇದನ್ನು ಅವರು ಕನ್ನಡದಲ್ಲಿ ಶುರುಮಾಡಿ ಐದೇ ನಿಮಿಷದಲ್ಲಿ ಇಂಗ್ಲಿಷಿಗೆ ಹಾರಿದ್ದರು. ನಮ್ಮ ಡಾಕ್ಟರುಗಳೂ ಇಂಜಿನಿಯರುಗಳೂ ತಲೆದೂಗಿದರು. ಹಿಂದುಗಡೆ ಮಕ್ಕಳು ಇಂಗ್ಲಿಷಿನಲ್ಲಿ ಜಗಳವಾಡಿಕೊಂಡು ಚಿಪ್ಸ್ ತಿನ್ನುತ್ತಿದ್ದವು.

ಕೊನೆಗೆ ವಿದ್ವಾಂಸರು ಅಜ್ಜಿಯ ಕಡೆ ತಿರುಗಿ, "ತಾವು ಯಾವ ಗುಂಪು?" ಎಂದು ಕೇಳಿದರು.

ಅಜ್ಜಿ ಪೇಟ ತೆಗೆದು ಬುಟ್ಟಿಯ ಮೇಲಿಟ್ಟರು. "ರೋಮ್ ನಾನು ನೋಡಿಲ್ಲ. ನಮ್ಮಮ್ಮ ಮಾತ್ರ, ನಮ್ಮ ಮಾತಲ್ಲಿ ಕೇಳದಿದ್ದರೆ ರೊಟ್ಟಿ ಕೊಡ್ತಿರಲಿಲ್ಲ. ಫ್ರೆಂಚಲ್ಲಿ ಕೇಳಿದರೆ ಕಿವುಡಿ ಆಗ್ತಿದ್ದಳು. ನನಗೆ ಹಸಿವು ಜಾಸ್ತಿ, ಅದಕ್ಕೇ ಆ ಮಾತು ಬರುತ್ತೆ." ಆಮೇಲೆ ಹಿಂದಿನ ಸಾಲಿನ ಕಡೆ ನೋಡಿ, "ಈ ಮಕ್ಕಳು ಊಟ ಯಾವ ಭಾಷೆಯಲ್ಲಿ ಕೇಳ್ತಾವೆ?" ಎಂದರು.

ಕಾರ್ಯದರ್ಶಿಗಳು ಎದ್ದು ವಂದನಾರ್ಪಣೆ ಮಾಡಿದರು.

ಮರುದಿನ ಬೆಳಿಗ್ಗೆ ನಾನು ಕಿವುಡಿಯಾದೆ. "ಮಮ್, ಕ್ಯಾನ್ ಐ ಹ್ಯಾವ್ ಅನದರ್ ದೋಸಾ?" ನಾನು ಕಾವಲಿ ನೋಡುತ್ತಾ ನಿಂತೆ. "ಮಮ್!" ಕಾವಲಿ. ಮೂರು ದಿನ ಅವಳು ಬ್ರೆಡ್ಡು ಜಾಮಿನ ಮೇಲೆ ಸತ್ಯಾಗ್ರಹ ಹೂಡಿದಳು. ರಾಯರಿಗೆ ಹರಕೆ ಹೊತ್ತು ಗಟ್ಟಿಯಾಗಿ ನಿಂತೆ. ಯಜಮಾನರು ಕೂಡ ಪೇಪರಿನ ಹಿಂದಿನಿಂದ, "ಒನ್ ಮೋರ್ ಪ್ಲೀಸ್" ಎಂದರು. ಅವರಿಗೂ ಸಿಗಲಿಲ್ಲ.

"ಲೇ, ನನಗೂನಾ?"

"ಈಗ ಕನ್ನಡ ಬಂತಲ್ಲ, ತಗೊಳ್ಳಿ."

ನಾಲ್ಕನೆಯ ದಿನ ಮಸಾಲೆಯ ಘಮ ತಡೆಯಲಾರದೆ ಮಗಳು ಗೋಡೆ ನೋಡುತ್ತಾ, "ಅಮ್ಮ, ದೋಸೆ ಹಾಕು" ಎಂದಳು. ನಾನು ಎರಡು ಹಾಕಿದೆ. ಇಷ್ಟು ಚಿಕ್ಕ ಗೆಲುವಿಗೂ ದೇವರ ದಯೆ ಬೇಕು.

ಅಷ್ಟರಲ್ಲಿ ಕೆಳಗಿನ ಅಜ್ಜಿಯ ಮಗ ಬಂದು ಅವರನ್ನು ಮೆಲ್ಬರ್ನ್‌ಗೆ, ತನ್ನ ಮನೆಗೆ ಕರೆದುಕೊಂಡು ಹೋದ. ಹೋಗುವಾಗ ಅಜ್ಜಿ ನನಗೆ ಹೇಳಿದ್ದು ಒಂದೇ ಮಾತು: "ನಿಮ್ಮಮ್ಮ ಬಂದಾಗ ಮಗು ಏನು ಮಾತಾಡಿತು, ನನಗೆ ಫೋನ್ ಮಾಡಿ ಹೇಳು."

ಅಮ್ಮ ಬಂದರು. ಏರ್‌ಪೋರ್ಟಿನಲ್ಲಿ ಮಗಳು ತುಟಿ ಬಿಚ್ಚಲಿಲ್ಲ, ಕಾರಿನಲ್ಲಿಯೂ ಇಲ್ಲ. ಅಮ್ಮ ಅವಳ ಕೈ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಮುಂದಿನ ಸೀಟಿನಲ್ಲಿ ಕೂತ ನಾನು, ಕಾಗದದಲ್ಲಿ ಹವಾಮಾನ ಬರೆದ ಪಾಪಿ, ಇಲ್ಲಿಯ ಬಿಸಿಲಿನ ವಿಚಾರ ತೆಗೆದೆ. ಮನೆ ಬಾಗಿಲು ತೆಗೆದಾಗ ಅಮ್ಮ ಒಳಗೆ ಹೆಜ್ಜೆ ಇಟ್ಟರು. ಹಿಂದಿನಿಂದ ಮಗಳು ಕೂಗಿದಳು:

"ಅಯ್ಯೋ! ಚಪ್ಪಲಿ ಹೊರಗೆ ಬಿಡು! ಕೈಕಾಲು ತೊಳ್ಕೊಂಡು ಬಾ! ಏನೂ ಮುಟ್ಟಬೇಡ, ಎಷ್ಟು ಸಲ ಹೇಳಬೇಕು ನಿನಗೆ?"

ನಾನು ನಾಚಿಕೆಯಿಂದ ಕುಗ್ಗಿಹೋದೆ. ಮೂರು ತಿಂಗಳಲ್ಲಿ ಮಗು ನನ್ನಿಂದ ಕಲಿತ ಕನ್ನಡವೆಲ್ಲ ಇಷ್ಟೇ, ಊಟ ಮತ್ತು ಬೈಗುಳ. ಅಮ್ಮ ಬಾಗಿಲಲ್ಲೇ ನಿಂತು ನಕ್ಕರು. ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇದು ನನ್ನ ಬಾಯಿ ಕಣೇ. ನಿನಗೆ ನಾನು ಬೈದಿದ್ದೆಲ್ಲ ಇಲ್ಲಿಗೆ ಬಂದು ಸೇರಿದೆ." ಚಪ್ಪಲಿ ಹೊರಗೆ ಬಿಟ್ಟು, "ಆಯ್ತು ತಾಯಿ, ಬಚ್ಚಲು ಎಲ್ಲಿ ತೋರಿಸು" ಎಂದರು. ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಮುಂದೆ ನಡೆದಳು.

ವಿದ್ವಾಂಸರಿಗೆ ಬರೆದು ತಿಳಿಸಬೇಕೆಂದುಕೊಂಡೆ. ಅವರ ಯಾವ ಗುಂಪಿನಲ್ಲಿಯೂ ಬೈಗುಳಕ್ಕೆ ಜಾಗವಿರಲಿಲ್ಲ.

ಸಂಜೆ ಮೆಲ್ಬರ್ನ್‌ಗೆ ಫೋನ್ ಮಾಡಿದೆ. ಅಜ್ಜಿ ಎಲ್ಲ ಕೇಳಿ ಕೆಮ್ಮು ಬರುವಷ್ಟು ನಕ್ಕರು. "ನಿಮ್ಮ ಮೊಮ್ಮಕ್ಕಳು?" ಎಂದು ಕೇಳಿದೆ.

"ಒಳ್ಳೆ ಮಕ್ಕಳು. ಇಲ್ಲಿ ಫ್ರಿಜ್ ದೊಡ್ಡದು. ತಾವೇ ಬಾಗಿಲು ತೆಗೀತಾರೆ, ತಾವೇ ತಗೋತಾರೆ. ಯಾರೂ ನನ್ನನ್ನ ಏನೂ ಕೇಳೋದಿಲ್ಲ."

ನಾನು ಮಗಳನ್ನು ಕೂಗಿ ರಿಸೀವರ್ ಕೊಟ್ಟೆ. ಈ ಸಲ ಅವಳು ಓಡಲಿಲ್ಲ. "ಅಜ್ಜಿ, ಊಟ ಆಯ್ತಾ?" ಎಂದಳು, ಕನ್ನಡದಲ್ಲೇ. ಆ ಕಡೆಯಿಂದ ನನಗೆ ತಿಳಿಯದ ತಮ್ಮ ಮನೆಮಾತಿನಲ್ಲಿ ಅಜ್ಜಿ ಏನೋ ಹೇಳತೊಡಗಿದರು. ಬಹಳ ಹೊತ್ತು ಹೇಳಿದರು. ಮಗಳು 'ಹೂಂ, ಹೂಂ' ಎನ್ನುತ್ತಾ ನಿಂತಿದ್ದಳು.