ಬಾಣಂತಿ ಕೋಣೆಯ ದಿಕ್ಸೂಚಿ

ನಿನ್ನೆ ಮಧ್ಯಾಹ್ನ ಮೊಮ್ಮಗಳಿಗೆ ತೇಯಲು ಬಜೆ ಹುಡುಕುತ್ತ ಹಳೆಯ ಬಿಸ್ಕತ್ತಿನ ಡಬ್ಬಿ ತೆರೆದೆ. ಬಜೆಯ ಘಾಟಿನ ಜೊತೆಗೇ ಹಿತ್ತಾಳೆಯ ವಾಸನೆಯೂ ಬಂತು. ಗುಂಡಿ, ದಾರಗಳ ಅಡಿಯಲ್ಲಿ ನನ್ನ ದಿಕ್ಸೂಚಿ. ಕಾನ್ವೆಂಟಿನಲ್ಲಿ ದುಂಡಗಿನ ಅಕ್ಷರಕ್ಕೆಂದು ಸಿಸ್ಟರ್ ಕೊಟ್ಟ ಬಹುಮಾನ. ವಿಜ್ಞಾನಕ್ಕಲ್ಲ, ತಪ್ಪು ತಿಳಿಯಬೇಡಿ.

ಕೊಡುವಾಗ ಸಿಸ್ಟರ್ ಒಂದು ಕಥೆ ಹೇಳಿದ್ದರು. ಲೋಕವೇ ಬಲ್ಲ ಒಬ್ಬ ಭೌತವಿಜ್ಞಾನಿ, ಕೆದರಿದ ಬಿಳಿಗೂದಲಿನವರು, ನೀವೂ ಚಿತ್ರ ನೋಡಿರುತ್ತೀರಿ. ಮಾತು ತಡವಾಗಿ ಬಂದ ಮಗುವಂತೆ. ಪುಟ್ಟವರಿದ್ದಾಗ ಕಾಯಿಲೆಯಾಗಿ ಮಲಗಿದ್ದರೆ ಅಪ್ಪ ಒಂದು ದಿಕ್ಸೂಚಿ ತಂದುಕೊಟ್ಟರು. ಯಾರೂ ಮುಟ್ಟದೆ ಮುಳ್ಳು ತಿರುಗುವುದನ್ನು ಕಂಡು ಹುಡುಗ ಮೈ ತಣ್ಣಗಾಗಿ ನಡುಗಿದನಂತೆ. ಕಣ್ಣಿಗೆ ಕಾಣದ್ದೇನೋ ಇದೆ ಎಂದು ಅವತ್ತೇ ಅವನಿಗೆ ಹೊಳೆಯಿತಂತೆ. ನಾನೂ ನಡುಗಲು ನೋಡಿದೆ. ಹಸಿವಾಯಿತು, ಅಷ್ಟೇ.

ಆ ಬೇಸಿಗೆ ರಜೆಯಲ್ಲಿ ಬೀಚನಹಳ್ಳಿಯ ಅಜ್ಜಿ ಮನೆಗೆ ಅದನ್ನು ಒಯ್ದೆ. ಚಿಕ್ಕಮ್ಮ ಅಲ್ಲಿ ಹಸಿ ಬಾಣಂತಿ. ಜಗುಲಿಯಲ್ಲಿ ಹೇಗೆ ಹಿಡಿದರೂ ಮುಳ್ಳು ಉತ್ತರಕ್ಕೆ, ಊರಾಚೆಯ ಡ್ಯಾಮಿನ ಕಡೆಗೇ ನಿಲ್ಲುತ್ತಿತ್ತು.

"ಯಾರ್ ತಿರುಗಿಸ್ತಾವ್ರೆ ಇದ್ನ?" ಎಂದರು ಅಜ್ಜಿ.

"ಭೂಮಿ, ಅಜ್ಜಿ."

"ಭೂಮ್ತಾಯಿಗೆ ಬ್ಯಾರೆ ಕ್ಯಾಮೆ ಇಲ್ವಾ?"

ಜಂಬದಿಂದ ಬಾಣಂತಿ ಕೋಣೆಗೂ ಹೋಗಿ ಹಾಸಿಗೆಯ ಪಕ್ಕ ಇಟ್ಟೆ. ಮುಳ್ಳು ಡ್ಯಾಮನ್ನು ಬಿಟ್ಟು ಮಗುವಿನ ತಲೆಯ ಕಡೆಗೆ ತಿರುಗಿತು.

"ಅವ್ವಾ, ನನ್ ಮಗೀನೇ ತೋರಿಸ್ತದೆ ಕಣವ್ವಾ!" ಚಿಕ್ಕಮ್ಮ ಮಗುವನ್ನು ಬಾಚಿಕೊಂಡು ಮೂಲೆಗೆ ಸರಿದಳು. ಮುಳ್ಳು ಅವಳ ಹಿಂದೆ ಹೋಗಲಿಲ್ಲ. ಖಾಲಿ ದಿಂಬನ್ನೇ ನೋಡುತ್ತಿತ್ತು. ಆಗ ನಿಜವಾಗಿಯೂ ನಡುಗಿದೆ.

ಅಜ್ಜಿ ನಗುತ್ತ ದಿಂಬು ಎತ್ತಿದರು. ಅಡಿಯಲ್ಲಿ ಕುಡುಗೋಲು. "ಕಬ್ಣ ಕಣವ್ವ. ಬಾಣಂತಿ ಕ್ವಾಣೆಗೆ ಬರೋ ಅಂಥದ್ದು ಮೊದ್ಲು ಕಬ್ಣ ನೋಡ್ತದೆ, ಮಗೀನ ಮರ್ತೋಯ್ತದೆ. ನಿನ್ ಡಬ್ಬೀನೂ ಅಂಗೇ ಮಾಡ್ತು, ಬುಡು."

ಎಲ್ಲರೂ ಉಂಡು ಮಲಗಿದ ಮೇಲೆ ಆ ಕುಡುಗೋಲನ್ನು ಮೆಲ್ಲಗೆ ಎಳೆದು ಹಿತ್ತಲಲ್ಲಿ ಇಟ್ಟು ಬಂದೆ. ಈಗ ಮುಳ್ಳು ಡ್ಯಾಮಿನ ಕಡೆಗೆ ತಿರುಗಬೇಕು ತಾನೇ? ಒಮ್ಮೆ ಅದುರಿತು. ಮಗುವನ್ನು ಬಿಡಲಿಲ್ಲ. ಹತ್ತು ಎಣಿಸಿದೆ. ಮಗು ಕಣ್ಣು ತೆರೆದು ನನ್ನನ್ನಲ್ಲ, ನನ್ನ ಭುಜದ ಹಿಂದೆ ನೋಡಿತು. ಓಡಿಹೋಗಿ ಕುಡುಗೋಲು ತಂದಿಟ್ಟು ದಿಕ್ಸೂಚಿಯ ಮುಚ್ಚಳ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಸಿಸ್ಟರ್ ಕಥೆಯ ಆ ಹುಡುಗ ಮುಚ್ಚಳ ಮುಚ್ಚಲಿಲ್ಲ, ಅವನು ವಿಜ್ಞಾನಿಯಾದ. ನಾನು ಸಾರಿಗೆ ಉಪ್ಪಿನ ಹದ ಕಲಿತೆ.

ಮಗಳು ಹುಣಸೂರಿನ ಕಾಲೇಜಿನಲ್ಲಿ ಭೌತವಿಜ್ಞಾನ ಪಾಠ ಮಾಡುತ್ತಾಳೆ. ಬಾಣಂತನಕ್ಕೆ ಬಂದ ದಿನವೇ, "ದಿಂಬಿನ ಕೆಳಗೆ ಕತ್ತಿ ಗಿತ್ತಿ ಇಟ್ಟೀಯ ಮತ್ತೆ!" ಎಂದು ಗದರಿದ್ದಳು. ನಾನು ಇಟ್ಟಿರಲಿಲ್ಲ.

ನಿನ್ನೆ ಮಗಳು, ಮೊಮ್ಮಗಳು ಇಬ್ಬರೂ ಮಲಗಿದ್ದರು. ಮರದ ಮಂಚದ ಅಂಚಿನಲ್ಲಿ ದಿಕ್ಸೂಚಿ ತೆರೆದಿಟ್ಟೆ. ಮುಳ್ಳು ಮೊಮ್ಮಗಳ ತಲೆಯ ಕಡೆಗೆ ತಿರುಗಿ ನಿಂತಿತು. ದಿಂಬಿನಡಿಗೆ ಕೈ ಹಾಕಿದೆ. ತಣ್ಣಗೇನೋ ತಗುಲಿತು. ಎರಡು ದಿನದಿಂದ ನಾನು ಹುಡುಕುತ್ತಿದ್ದ ಅಡಕೊತ್ತು.

ಹೊರಗೆಳೆದು, ಎದ್ದು ಬಾಗಿಲವರೆಗೆ ಒಯ್ದು, ತಿರುಗಿ ನೋಡಿದೆ. ಮುಳ್ಳು ಕದಲಿರಲಿಲ್ಲ. ಏಳು, ಎಂಟು, ಒಂಬತ್ತು...

"ಅದನ್ನ ಇದ್ದಲ್ಲೇ ಇಡಮ್ಮ," ಎಂದಳು ಮಗಳು. ಕಣ್ಣು ತೆರೆದಿರಲಿಲ್ಲ.

ಇಟ್ಟೆ. ಮುಚ್ಚಳ ಮಾತ್ರ ಈ ಸಲ ಮುಚ್ಚಲಿಲ್ಲ. ಅವಳು ಎದ್ದು ಕೂತಳು. ಇಬ್ಬರೂ ಮುಳ್ಳನ್ನೇ ನೋಡುತ್ತಿದ್ದೆವು. ಸಂಜೆ ಎಲೆಗೆ ಅಡಿಕೆಯನ್ನು ಕಲ್ಲಿನಲ್ಲಿ ಜಜ್ಜಿಕೊಂಡೆ.