ಅಝೆನೋರ್ ಕೈಬಿಟ್ಟಿದ್ದ ಕಳೆಯುವ ಲೆಕ್ಕ

ಬ್ರೆಸ್ಟ್ ಬಂದರಿನ ಮೇಲಿನ ಬೀದಿಯಲ್ಲಿ ಅಝೆನೋರ್ ಲೆ ದ್ರೆಫ್ ನೆಮ್ಮದಿಯಾಗಿ ಕೂತದ್ದನ್ನು ಕಂಡವರು ಕಡಿಮೆ. ನಲವತ್ತೊಂದರ ಹೆಂಗಸು, ಕಾಫಿಯನ್ನೂ ನಿಂತೇ ಕುಡಿಯುತ್ತಿದ್ದಳು. ಸಾವಿರದ ಒಂಬೈನೂರ ತೊಂಬತ್ತೇಳರ ಅಕ್ಟೋಬರಿನಲ್ಲಂತೂ ಉಗುರು ಕಚ್ಚಿ ಕಚ್ಚಿ ರಕ್ತ ಬಂದಿತ್ತು.

ಕಡಲಲ್ಲಿ ತೇಲುವ ಹಳದಿ ಪೀಪಾಯಿಯೊಂದು ಅಲೆಯ ಎತ್ತರ ಅಳೆದು ರೇಡಿಯೋದಲ್ಲಿ ದಡಕ್ಕೆ ಕಳಿಸುತ್ತಿತ್ತು. ಬ್ಯಾಟರಿ ಸಣ್ಣದು, ದನಿ ಕ್ಷೀಣ. ದಾರಿಯಲ್ಲಿ ಅಂಕಿಗಳು ಕೆಡುತ್ತಿದ್ದವು. ಕೆಟ್ಟದ್ದನ್ನು ದಡದಲ್ಲೇ ತಿದ್ದಿಕೊಳ್ಳಲೆಂದು ಜತೆಗೆ ಎರಡು ಬಗೆಯ ತಾಳೆ ನೋಡುವ ಅಂಕಿಗಳೂ ಬರುತ್ತಿದ್ದವು. ಅವನ್ನು ಬಿಡಿಸುವ ಪೆಟ್ಟಿಗೆ ಅಝೆನೋರಳ ಕೈಕೆಲಸ. ಅದರಲ್ಲಿ ಎರಡು ಭಾಗ, ಒಂದೊಂದು ಬಗೆಯ ಅಂಕಿಗೆ ಒಂದೊಂದು. ಒಂದು ತನ್ನ ಊಹೆಯನ್ನೂ ಅದರ ಮೇಲೆ ತನಗೆಷ್ಟು ಭರವಸೆ ಎಂಬುದನ್ನೂ ಇನ್ನೊಂದಕ್ಕೆ ದಾಟಿಸುವುದು, ಅದು ತಿದ್ದಿ ಮರಳಿಸುವುದು. ಹೀಗೆ ಹತ್ತು ಸುತ್ತು.

ಒಂದು ದಿನ ಏಳು ಮೀಟರ್ ಅಲೆಯನ್ನು ಪೆಟ್ಟಿಗೆ ಮೂರು ಎಂದಿತು. ಅದೂ 'ಸಂಶಯವಿಲ್ಲ' ಎಂಬ ಗುರುತಿನೊಂದಿಗೆ. ಅದನ್ನು ನಂಬಿ ಮೀನಿಗೆ ಹೋದ ಅವಳ ತಮ್ಮ ಫಾಂಶ್, ಮಣಿಕಟ್ಟು ಮುರಿದುಕೊಂಡು ಬಂದ.

"ಆಂಟೆನಾ ಸಡಿಲ ಆಗಿರ್ಬೇಕು ಬಿಡಿ," ಎಂದರು ಮೇಲಧಿಕಾರಿ ತ್ರೆಗೇರ್.

"ಆಂಟೆನಾ ಕೆಟ್ಟಿದ್ರೆ ಪೆಟ್ಟಿಗೆ 'ಗೊತ್ತಾಗ್ಲಿಲ್ಲ' ಅನ್ಬೇಕಿತ್ತು ಸಾರ್. ಇದು ಇಷ್ಟು ಧೈರ್ಯವಾಗಿ ಸುಳ್ಳು ಹೇಳಿದ್ದು ಹ್ಯಾಗೆ?"

ಎರಡು ವಾರ ಅವಳಿಗೆ ಅನ್ನ ನೀರು ರುಚಿಸಲಿಲ್ಲ. ಒಂದು ಬೆಳಗ್ಗೆ ಬ್ರೆಡ್ಡಿನಂಗಡಿಯ ಸ್ವಾಝಿಗ್ ತಮ್ಮನ ಕ್ಷೇಮ ಕೇಳಿದಾಗ, "ದೋಣಿ ಮಾರ್ತಾನೋ ಏನೋ, ಯಾರಿಗ್ಗೊತ್ತು," ಎಂದಳು. ಮಧ್ಯಾಹ್ನ ಬಲೆ ಹೊಲಿಯುವ ಮುದುಕ ಗೊನೇರಿ ಅವಳನ್ನು ತಡೆದ.

"ಏನಮ್ಮಾ, ತಮ್ಮ ದೋಣೀನೇ ಮಾರ್ಬಿಟ್ನಂತೆ!"

ನನಗೂ ಹೇಳದೆ ಮಾರಿಬಿಟ್ಟನೆ? "ಯಾರಂದ್ರು?"

"ಸ್ವಾಝಿಗ್. ಮನೆಯವ್ರೇ ಹೇಳಿದ್ರಂತೆ."

ಅವಳದೇ ಮಾತು ಕೊಬ್ಬಿಕೊಂಡು ಅವಳ ಬಳಿಗೇ ಬಂದಿತ್ತು, ಅವಳೂ ನಂಬಿಬಿಟ್ಟಿದ್ದಳು! ಅಝೆನೋರ್ ಅಲ್ಲೇ ನಿಂತುಬಿಟ್ಟಳು. ವಸಂತದಲ್ಲಿ ಪೆಟ್ಟಿಗೆಯ ಚಿಪ್‌ನಲ್ಲಿ ಜಾಗ ಸಾಲದೆಂದು ಅವಳೊಂದು ಲೆಕ್ಕವನ್ನು ಕಿತ್ತುಹಾಕಿದ್ದಳು. ಪ್ರತಿ ಭಾಗವೂ ಉತ್ತರ ದಾಟಿಸುವ ಮುನ್ನ, ಇನ್ನೊಂದರಿಂದ ತಾನು ಕೇಳಿದ್ದನ್ನು ಅದರಿಂದ ಕಳೆದು, ತಾನೇ ಕಂಡುಕೊಂಡದ್ದನ್ನಷ್ಟೇ ಹೇಳಬೇಕಿತ್ತು. ಅದಿಲ್ಲದೆ ಎರಡೂ ಒಂದರ ತಪ್ಪನ್ನು ಇನ್ನೊಂದು ಪಾಠದಂತೆ ಒಪ್ಪಿಸುತ್ತ ಹತ್ತು ಸುತ್ತಿನಲ್ಲಿ ಊಹೆಯನ್ನು ನಂಬಿಕೆ ಮಾಡಿಕೊಂಡಿದ್ದವು.

ಕಚೇರಿಗೆ ಓಡಿದಳು. ಸುತ್ತುಗಳನ್ನು ಆರಕ್ಕಿಳಿಸಿ, ಕಳೆಯುವ ಲೆಕ್ಕಕ್ಕೆ ಜಾಗ ಮಾಡಿ, ತಮ್ಮ ಕಡಲಿಗೆ ಹೋದ ದಿನದ ರೇಡಿಯೋ ಧ್ವನಿಮುದ್ರಿಕೆ ಹಾಕಿದಳು. ನಾಲ್ಕನೇ ಸುತ್ತಿಗೇ ಏಳು ಮೀಟರ್ ಬಂತು.

"ಆಂಟೆನಾ ಅಲ್ಲ ಸಾರ್, ನಾನು," ಎಂದಳು ತ್ರೆಗೇರರಿಗೆ. "ವರದಿಯಲ್ಲಿ ಹಾಗೇ ಬರೀರಿ," ಎಂದರು ಅವರು.

ತಮ್ಮನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಫಾಂಶ್ ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತ, "ಮೊದ್ಲೇ ಗೊತ್ತಿದ್ದೂ ತೆಗ್ದಿದ್ಯೇನಕ್ಕಾ?" ಎಂದ.

"ಏನೂ ಆಗಲ್ಲ ಅಂದ್ಕೊಂಡಿದ್ದೆ ಕಣೋ."

ಅವನು ತಿಂಗಳು ಮಾತು ಬಿಟ್ಟ. ಆಮೇಲೆ ಒಂದು ಬೆಳಗ್ಗೆ ಫೋನು ಮಾಡಿ, "ಇವತ್ತೆಷ್ಟು ಅಲೆ?" ಎಂದಷ್ಟೇ ಕೇಳಿದ. ಪರದೆಯ ಮೇಲೆ ಉತ್ತರ ಆರು ಸುತ್ತಾದರೂ ನಿಲ್ಲದೆ ಹೊಯ್ದಾಡುತ್ತಿತ್ತು.

"ಗೊತ್ತಾಗ್ತಿಲ್ಲ," ಎಂದಳು ಅಝೆನೋರ್. "ಹೋಗ್ಬೇಡ."