ಘಟಪ್ರಭೆಯ ಬಿಸಿನೀರು

ನನ್ನ ಹಳೆಯ ಭಾಷಣಗಳನ್ನು ಕೇಳಿದವರು ಯಾರಾದರೂ ಇದನ್ನು ಓದಿದರೆ ಹುಬ್ಬೇರಿಸುವುದು ಸಹಜ. ಪ್ರಯೋಗಕ್ಕೆ ಒಳಪಡದ ಯಾವ ಸಂಗತಿಯನ್ನೂ ನಾನು ಆಗ ಒಪ್ಪುತ್ತಿರಲಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಬಿಸಿನೀರಿನ ಬುಗ್ಗೆಗಳ ಮಹಿಮೆಯನ್ನು ಖಂಡಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ಭೂಗರ್ಭದ ಶಾಖಕ್ಕೆ ಸಿಕ್ಕ ನೀರು ಬಿಸಿಯಾಗಿ ಮೇಲೇಳುತ್ತದೆ, ಅದರಲ್ಲಿ ಗಂಧಕವಿದ್ದರೆ ಕೀಲುಗಳಿಗೆ ಹಿತವಾಗುತ್ತದೆ, ಇದರಲ್ಲಿ ಪವಾಡವೆಲ್ಲಿದೆ ಎಂಬುದು ನನ್ನ ವಾದವಾಗಿತ್ತು.

ಆದರೆ ಸ್ನಾನದ ವಿಷಯದಲ್ಲಿ ನನಗೆ ಬೇರೊಂದು ಬಗೆಯ ಭಕ್ತಿಯಿತ್ತು. ಜಪಾನಿನ ಹಳ್ಳಿಗರು ಸಂಜೆಯ ಹೊತ್ತು ಒಂದೇ ಬಿಸಿನೀರ ಕೊಳದಲ್ಲಿ ಕೊರಳವರೆಗೆ ಮುಳುಗಿ ಕುಳಿತು ಹರಟುತ್ತಾರೆಂದೂ, ತುರ್ಕರ ಹಮಾಮಿನಲ್ಲಿ ಸಾಹುಕಾರನೂ ಹಮಾಲನೂ ಒಂದೇ ಕಲ್ಲಿನ ಮೇಲೆ ಬೆವರುತ್ತಾರೆಂದೂ ಓದಿದ್ದೆ. ಬಟ್ಟೆಯೊಂದಿಗೆ ಜಾತಿಯನ್ನೂ ಗೂಟಕ್ಕೆ ತೂಗುಹಾಕಿ ಒಳಗೆ ಹೋಗುವಂಥ ಒಂದು ಸ್ನಾನಗೃಹವನ್ನು ನಾನು ಮಾಸ್ತರನಾಗಿದ್ದ ಗೋಕಾಕದಲ್ಲಿ ಕಟ್ಟಿಸಬೇಕೆಂಬುದು ನನ್ನ ಕನಸಾಗಿತ್ತು.

ಆ ದಿನಗಳಲ್ಲೇ ಕೌಜಲಗಿಯ ನನ್ನ ಸೋದರತ್ತೆ ನೀಲವ್ವನಿಗೆ ವಾತ ಬಡಿಯಿತು. ತಾಯಿಯಿಲ್ಲದ ನನ್ನನ್ನು ಸಾಕಿ ಬೆಳೆಸಿದವಳು ಆಕೆ. ಎರಡೂ ಕೈಗಳ ಬೆರಳುಗಳು ಒಳಕ್ಕೆ ಮಡಚಿಕೊಂಡವು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಂಡು ಪೂಜಿಸಬೇಕು, ಪೂಜೆಯಾಗದೆ ಆಕೆ ತುತ್ತು ಮುಟ್ಟಳು. ಬಲಗೈಯ ವಕ್ರ ಬೆರಳುಗಳಿಂದ ಹೇಗೋ ವಿಭೂತಿ ಹಚ್ಚುತ್ತಿದ್ದಳು, ಆದರೆ ಎಡಗೈ ಮುಷ್ಟಿಯಾಗಿಯೇ ಉಳಿದಿತ್ತು. ಬಿಸಿನೀರಿನಲ್ಲಿ ಅದ್ದಿ, ಎಣ್ಣೆ ತೀಡಿ, ಅಂಗೈ ಒಂದಿಷ್ಟು ತೆರೆಯುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಬರಬರುತ್ತ ಸಂಜೆಯಾಯಿತು, ಕೆಲವು ದಿನ ತೆರೆಯಲೇ ಇಲ್ಲ. ಅಂದೆಲ್ಲ ಉಪವಾಸ. ನೋಡುನೋಡುತ್ತಿದ್ದಂತೆ ಆಕೆ ಕಡ್ಡಿಯಾದಳು.

"ಅತ್ತೀ, ಹಲಗಿ ಮ್ಯಾಲ ಇಟ್ಟು ಪೂಜಿ ಮಾಡು. ಭಕ್ತಿ ಮನಸ್ಸಿನಾಗ ಇರತೈತಿ," ಎಂದೆ.

"ನಿನ್ನ ಭಾಷಣ ಗೋಕಾಕದಾಗ ಮಾಡಪಾ. ಕೂಸಿನ್ನ ಹಲಗಿ ಮ್ಯಾಲ ಮಲಗಿಸಿ ಹಾಲು ಕುಡಸ್ತಾರೇನು?" ಎಂದಳು.

ಗಂಧಕದ ಬಿಸಿನೀರಿನಲ್ಲಿ ಕೆಲವು ದಿನ ಕೈ ಅದ್ದಿದರೆ ಪ್ರಯೋಜನವಾದೀತೆಂದು ಡಾಕ್ಟರು ಹೇಳಿದ್ದರಿಂದ, ಘಟ್ಟ ಇಳಿದು ಕೊಂಕಣದ ಬುಗ್ಗೆಗೆ ಕರೆದೊಯ್ಯಲು ನಿಶ್ಚಯಿಸಿದೆ. ಹತ್ತರಗಿಯವರೆಗೆ ಬಂಡಿ, ಅಲ್ಲಿಂದ ಮುಂದೆ ಮೋಟಾರು. ಬಂಡಿ ಹೊಡೆಯುತ್ತಿದ್ದ ಭರಮಪ್ಪನಿಗೆ ಇದು ದಾರಿಯುದ್ದಕ್ಕೂ ತಮಾಷೆಯ ವಸ್ತುವಾಯಿತು. "ಮನ್ಯಾಗ ಹಂಡೆ ಇಟಗೊಂಡು ಬಿಸಿನೀರಿಗೆ ಕೊಂಕಣಕ್ಕ ಹೊಂಟೀರಿ. ಅಲ್ಲೇನು ಕಟಗಿ ಅಗ್ಗ ಐತೇನ್ರಿ ಮಾಸ್ತರ?"

ಹತ್ತರಗಿ ಇನ್ನೂ ಮುಂದಿರುವಾಗ ಘಟಪ್ರಭೆಯ ದಂಡೆಯಲ್ಲಿ ಬೆಳಗಾಯಿತು. ಮಾರ್ಗಶಿರದ ಚಳಿ. ಹೊಳೆಯ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ಆಚೆಯ ದಂಡೆಯಿಲ್ಲ, ಆಕಾಶವಿಲ್ಲ, ನೀರಿನ ಸಪ್ಪಳವೂ ಬಹು ದೂರದಿಂದ ಬಂದಂತಿತ್ತು. ಕಟ್ಟಿಗೆ ಇಬ್ಬನಿಯಲ್ಲಿ ನೆನೆದು ಒಲೆ ಹೊತ್ತಲಿಲ್ಲ. ಹಿಂದಿನ ದಿನವೂ ಪೂಜೆಯಾಗಿರಲಿಲ್ಲವಾದ್ದರಿಂದ ಅತ್ತೆ ಹೊಳೆಯಲ್ಲೇ ಮೀಯುವೆನೆಂದು ಹಟ ಹಿಡಿದಳು. ನಾನು ಆಕೆಯ ಬಲಗೈಯನ್ನು ನನ್ನ ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ನೀರಿಗಿಳಿಸಿದೆ. ನನ್ನ ಕಾಲುಗಳು ಆ ಕ್ಷಣವೇ ಮರಗಟ್ಟಿದವು. ಆಕೆ ನೀರೊಳಗಿನ ಬಂಡೆಯ ಮೇಲೆ ಎದೆಮಟ್ಟ ಮುಳುಗಿ ಕುಳಿತಳು. ನಾನು ಹಿಡಿದ ಕೈ ಬಿಡದೆ ಪಕ್ಕದಲ್ಲೇ ನಿಂತೆ.

"ಎಷ್ಟ ಬಿಸಿ ಐತೋ ಇಲ್ಲಿ!" ಎಂದಳು, ಕಣ್ಣು ಮುಚ್ಚಿಕೊಂಡೇ.

ದಂಡೆಯಿಂದ ಭರಮಪ್ಪ ನಕ್ಕ. "ಅವ್ವಾರ, ಅದು ಮಂಜ್ರಿ, ಹೊಗಿ ಅಲ್ಲ. ನಮ್ಮ ಎತ್ತ ಸುದ್ದಾ ಈ ನೀರಿಗೆ ಮೂಗ ಹಚ್ಚವಲ್ವು!"

ಆಕೆ ಎಷ್ಟು ಹೊತ್ತು ಹಾಗೆ ಕುಳಿತಳೋ ಹೇಳಲಾರೆ, ಮಂಜಿನಲ್ಲಿ ಹೊತ್ತು ತಿಳಿಯುತ್ತಿರಲಿಲ್ಲ. ಗಂಧಕದ ಕಡ್ಡಿ ಗೀರಿದಂಥ ವಾಸನೆ ಒಮ್ಮೆ ಮೂಗಿಗೆ ಬಡಿಯಿತು. ಭರಮಪ್ಪ ಬೀಡಿ ಹಚ್ಚಿರಬೇಕೆಂದು ತಿರುಗಿ ನೋಡಿದೆ. ಅವನು ಎರಡೂ ಕೈಗಳನ್ನು ಕಂಬಳಿಯೊಳಗೆ ಸೇರಿಸಿ ಬಾಯಿ ತೆರೆದು ಅತ್ತೆಯನ್ನೇ ನೋಡುತ್ತ ನಿಂತಿದ್ದ.

ಅತ್ತೆ ಎಡಗೈಯನ್ನು ನೀರಿನಿಂದ ಮೇಲೆತ್ತಿದ್ದಳು. ಮೊಣಕೈಯವರೆಗೆ ಚರ್ಮ ಕೆಂಪಾಗಿ, ಹಂಡೆಯಿಂದ ತೆಗೆದ ಕೈಯಂತೆ ಹಬೆಯಾಡುತ್ತಿತ್ತು. ಐದೂ ಬೆರಳುಗಳು ನೆಟ್ಟಗಿದ್ದವು.

ದಂಡೆಯ ಮೇಲೆ ಒದ್ದೆ ಸೀರೆಯಲ್ಲೇ ಕುಳಿತು ಆಕೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು. ಭರಮಪ್ಪ ಮುಂಡಾಸು ತೆಗೆದು ದೂರ ಸರಿದ. ಪೂಜೆ ಮುಗಿಸಿ ಬುತ್ತಿಯ ರೊಟ್ಟಿ ಮುರಿಯುತ್ತ ಆಕೆ ನನ್ನತ್ತ ನೋಡಿ, "ನಿನ್ನ ಕೈ ಎಷ್ಟ ಮೆತ್ತಗ ಅದಾವೋ! ಒಂದೊಂದ ಬೆರಳ ಹಿಡದು ಬಿಡಿಸಿದಿ, ಒಟ್ಟ ನೋಯಲಿಲ್ಲ ನೋಡು," ಎಂದಳು.

"ನಾ ಎಡಗೈ ಮುಟ್ಟೇ ಇಲ್ಲ ಅತ್ತೀ."

"ನೀನ ಅಲ್ಲಂದ್ರ ಇನ್ಯಾರು? ಬಾಜೂಕ ನೀನ ಇದ್ದಿ," ಎಂದು ನಕ್ಕು ಇನ್ನೊಂದು ರೊಟ್ಟಿ ಕೇಳಿದಳು.

ನಾನು ಹಾಗೇ ಎದ್ದು ಹೋಗಿ ಆ ಬಂಡೆಯ ಸುತ್ತ ನೀರಿನಲ್ಲಿ ತೋಳು ಅದ್ದಿ ತಡಕಾಡಿದೆ. ಎಲ್ಲೆಡೆ ಒಂದೇ ಕೊರೆಯುವ ತಣ್ಣೀರು. ಕೊಂಕಣಕ್ಕೆ ಹೋಗುವ ಮಾತೆತ್ತಿದರೆ ಅತ್ತೆ, "ಇನ್ನ ಎದಕ? ಬಂಡಿ ತಿರಗಸಪಾ ಭರಮಪ್ಪ," ಎಂದಳು. ಹಿಂದಿರುಗುವ ದಾರಿಯಲ್ಲಿ ಭರಮಪ್ಪ ಒಂದೂ ತಮಾಷೆ ಮಾಡಲಿಲ್ಲ.

ಮುಂದಿನ ಚಳಿಗಾಲದಲ್ಲಿ ಉಷ್ಣಮಾಪಕ ಹಿಡಿದು ಆ ಜಾಗಕ್ಕೆ ಹೋದೆ. ಏನೂ ಸಿಗಲಿಲ್ಲ. ಅತಿ ಚಳಿಗೆ ನರಗಳು ಕೆರಳಿ ಸುಟ್ಟ ಭ್ರಮೆಯಾಗುವುದುಂಟು, ಚರ್ಮ ಕೆಂಪಾಗುವುದೂ ಉಂಟು ಎಂದು ಡಾಕ್ಟರು ಹೇಳಿದರು. ಭ್ರಮೆಗೆ ಬೆರಳು ನೆಟ್ಟಗಾಗುತ್ತದೆಯೇ ಎಂದು ಕೇಳಿದೆ. ಅವರು ಮುಂದಿನ ರೋಗಿಯನ್ನು ಕರೆದರು. ನಾನೊಬ್ಬನೇ ಕೊಂಕಣದ ಬುಗ್ಗೆಗೂ ಹೋಗಿ ಬಂದೆ. ಅಲ್ಲಿ ನೀರು ನಿಜವಾಗಿಯೂ ಬಿಸಿ, ವಾಸನೆಯೂ ಅದೇ. ಅಷ್ಟರಿಂದ ಏನನ್ನು ಸಾಧಿಸಲಿ?

ಅತ್ತೆ ಆಮೇಲೆ ಹಲವು ವರ್ಷ ಬದುಕಿದ್ದಳು. ಊರಿಗೆ ಹೋದಾಗಲೆಲ್ಲ ಬೆಳಗಿನ ಪೂಜೆಯ ಹೊತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎಡ ಅಂಗೈ ಎಲೆಯಂತೆ ಹರಡಿಕೊಂಡಿರುತ್ತಿತ್ತು. ನಾನು ಬಿಗಿಯಾಗಿ ಹಿಡಿದುಕೊಂಡಿದ್ದ ಬಲಗೈಯ ಬೆರಳುಗಳು ಮಾತ್ರ ಕೊನೆಯವರೆಗೂ ಬಾಗಿಯೇ ಇದ್ದವು.